ಹಕ್ಕಿ ನೋಡಲು ಹೋಗಿ ಮೀನು ಕಾದದ್ದು

ಭವಾನಿಪುರಂ ಬಿಡುವ ಮುನ್ನ

ಹಕ್ಕಿ ನೋಡುವ ಚಟ ನನಗೆ ಹತ್ತಿದ್ದು ಐವತ್ತು ದಾಟಿದ ಮೇಲೆ. ಕಾರಣ ಬ್ಯಾಂಕಿನ ವರ್ಗಾವಣೆ. ಯಜಮಾನರನ್ನು ವಿಜಯವಾಡಕ್ಕೆ ಹಾಕಿದಾಗ ತಿಪಟೂರಿನಿಂದ ಪಾತ್ರೆ ಪಡಗದ ಜೊತೆ ಅಲ್ಲಿಯ ಭವಾನಿಪುರಂಗೆ ಬಂದಿಳಿದ ನನಗೆ ಮೊದಲ ಆರು ತಿಂಗಳು ಮಾತಿಗೇ ಜನವಿರಲಿಲ್ಲ. ಅವರು ಊಟದ ಡಬ್ಬಿ ಹಿಡಿದು ಹೊರಟರೆಂದರೆ ನಾನು ಕೃಷ್ಣೆಯ ದಂಡೆಗೆ ಹೋಗಿ ಕೂರುತ್ತಿದ್ದೆ. ಕೂತಲ್ಲಿ ಕಣ್ಣಿಗೆ ಬಿದ್ದದ್ದು ಹಕ್ಕಿ. ಆಮೇಲೆ ಒಂದು ದುರ್ಬೀನು ಬಂತು. "ಇನ್ನು ಎದುರು ಮನೆಯವರು ಪರದೆ ಹೊಲಿಸ್ಕೋಬೇಕು" ಎಂದು ಯಜಮಾನರು ನಕ್ಕರು.

ಭಾನುವಾರಗಳಂದು ಇಬ್ರಾಹಿಂಪಟ್ನಂ ಕಡೆ, ವಿದ್ಯುತ್ ಸ್ಥಾವರದ ಹೊಗೆಕೊಳವೆಗಳು ಕಾಣುವ ನೀರಿನಂಚಿಗೆ ಹೋಗುವ ನಾಲ್ಕಾರು ಜನರ ಗುಂಪೊಂದಿದೆ. ನಾನೂ ಸೇರಿಕೊಂಡೆ. ಅವರೇ ಹೇಳಿದ್ದು, ಉತ್ತರದ ಹಿಮದ ಸೀಮೆಯಿಂದ ಚಳಿಗಾಲಕ್ಕೆ ವಿಶಾಖಪಟ್ನಂನ ಬಂಡೆಗಳಿಗೆ ಬರುವ ಒಂದು ಸಣ್ಣ ಹಕ್ಕಿಯ ವಿಷಯ. ದಡದ ಕಲ್ಲುಗಳನ್ನು ಕೊಕ್ಕಿನಿಂದ ಮಗುಚಿ ಕೆಳಗಿನ ಹುಳ ಹುಪ್ಪಟೆ ತಿನ್ನುತ್ತದಂತೆ. ಕಲ್ಲು ಮಗುಚುವ ಹಕ್ಕಿ! ಮೂವತ್ತು ವರ್ಷ ದೋಸೆ ಮಗುಚಿದವಳಿಗೆ ಅದನ್ನು ನೋಡದೆ ಇರುವುದು ಹೇಗೆ? ವಿಶಾಖಪಟ್ನಂನಲ್ಲಿ ಯಜಮಾನರ ಬ್ಯಾಂಕಿನವರೇ ಆದ ಧಾರವಾಡದ ಸಂಸಾರವೊಂದಿದೆ. ಆ ಮನೆಯ ಗಿರಿಜಾ ಫೋನಿನಲ್ಲೇ ಗದರಿದಳು: "ಬರ್ರಿ ಅಕ್ಕಾರ, ಬರೇ ಬರ್ತೀನಿ ಬರ್ತೀನಿ ಅಂತ ಎರಡು ವರ್ಷ ಆತು."

ರೈಲಿನಲ್ಲಿ

ಗೋದಾವರಿಯ ಸೇತುವೆ ಬಂದಾಗ ಬೋಗಿಯವರೆಲ್ಲ ಎದ್ದು ಕಿಟಕಿಗೆ ಬಂದು ನದಿಗೆ ಕೈಮುಗಿದರು. ನಾನೂ ಎದ್ದೆ, ಆದರೆ ದುರ್ಬೀನಿನೊಡನೆ. ಮರಳದಿಬ್ಬದ ಮೇಲೆ ಬಿಳಿಯ ಸಾಲೊಂದು ಕಂಡಿತು. ಮೊಣಕೈ ಅಗಲಿಸಿದ್ದೇ ತಡ, ಪಕ್ಕದ ಹೆಂಗಸಿನ ಕೈಲಿದ್ದ ಪುಳಿಹೋರದ ಡಬ್ಬಿ ಅವರ ರೇಷ್ಮೆ ಸೀರೆಯ ಮಡಿಲಿಗೇ ಮಗುಚಿತು. ನಾಚಿಕೆಯಿಂದ ನಾನು ಕುಗ್ಗಿಹೋದೆ. ಆಕೆ ಒಂದೊಂದೇ ಅಗುಳು ಆರಿಸುತ್ತಾ ಕೇಳಿದ್ದು ಒಂದೇ ಮಾತು: "ಪರ್ವಾಲೇದಂಡಿ. ಪಿಟ್ಟ ಕನಿಪಿಂಚಿಂದಾ?" ಪರವಾಗಿಲ್ಲ, ಹಕ್ಕಿ ಕಾಣಿಸಿತಾ ಅಂತ.

ಸರಿಯಾಗಿ ಕಾಣಿಸಲಿಲ್ಲ ಅನ್ನಲು ಮನಸ್ಸಾಗದೆ ಕಾಣಿಸಿತು ಅಂದೆ. ಉಳಿದ ಪುಳಿಹೋರದಲ್ಲಿ ಅರ್ಧ ನನಗೇ ಕೊಟ್ಟರು. ನಮ್ಮ ಪುಳಿಯೋಗರೆಯ ಹಾಗೆ ಗೊಜ್ಜಿನ ಕಪ್ಪು ಬಣ್ಣವಿಲ್ಲ, ಅರಿಶಿನದ ಹಳದಿ. ಹುಳಿ ಮಾತ್ರ ನಮ್ಮದಕ್ಕಿಂತ ಒಂದು ಕೈ ಮುಂದು.

ವಿಶಾಖಪಟ್ನಂ, ಮೊದಲ ಬೆಳಗು

ಇಲ್ಲಿ ಕಡಲದಂಡೆಯ ರಸ್ತೆಗೆ ಬೆಳಗಿನ ಹೊತ್ತು ವಾಹನ ಬಿಡುವುದಿಲ್ಲ. ರಸ್ತೆಯ ತುಂಬಾ ನಡೆಯುವವರು. ಮಂಕಿ ಟೋಪಿ ಹಾಕಿದ ಅಜ್ಜಂದಿರು, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ತೊಟ್ಟ ಅಜ್ಜಿಯರು. ಗಿರಿಜಾ ನನ್ನನ್ನು ಅಲ್ಲಿಂದ ಮುಂದಕ್ಕೆ, ಬೆಸ್ತರ ಕೇರಿಯ ಹಿಂದಿನ ಮರಳಿಗೆ ಕರೆದುಕೊಂಡು ಹೋದಳು. ದೋಣಿಗಳು ಬಂದಿದ್ದವು, ಬೆಸ್ತರು ಬಲೆ ಕೊಡವುತ್ತಿದ್ದರು. ಮೇಲೆ ಬೂದು ರೆಕ್ಕೆಯ ಕಡಲಕ್ಕಿಗಳು ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು. ಲಡಾಖಿನ ಸರೋವರಗಳ ಕಡೆಯಿಂದ ಚಳಿಗಾಲ ಕಳೆಯಲು ಬಂದ ಅತಿಥಿಗಳು ಎಂದು ಗುಂಪಿನವರು ಹೇಳಿದ್ದು ನೆನಪಾಯಿತು. ಅತಿಥಿಗಳ ಹಾಗೆ ಮಾತ್ರ ನಡೆದುಕೊಳ್ಳುತ್ತಿರಲಿಲ್ಲ.

"ಈ ಸಲ ಕಡಲಕ್ಕಿಗಳು ಯಾವಾಗ ಬಂದವು ಅಂತ ಅಲ್ಲಿಯ ಮೀನು ಒಣಗಿಸುವವರನ್ನು ಕೇಳಿ" ಎಂದು ಗುಂಪಿನವರು ಹೇಳಿ ಕಳಿಸಿದ್ದರು. ನೀಲಿ ಟಾರ್ಪಾಲಿನ ಪಕ್ಕದಲ್ಲಿ ಉದ್ದನೆಯ ಬಿದಿರುಕೋಲು ಹಿಡಿದು ಒಬ್ಬ ಹೆಂಗಸು ನಿಂತಿದ್ದರು. ಕೋಲಿನ ತುದಿಗೆ ಕಪ್ಪು ಪ್ಲಾಸ್ಟಿಕ್ ಚೀಲ. ಅರವತ್ತರ ಆಸುಪಾಸು, ಮೂಗಿನ ಎರಡೂ ಕಡೆ ನತ್ತು. ಹೆಸರು ನೂಕಾಲಮ್ಮ. ಈ ಕಡೆಯವರ ತೆಲುಗು ವಿಜಯವಾಡದ್ದಕ್ಕಿಂತ ಬೇರೆ. ಆಕೆಯ ಮಾತನ್ನು ನನಗೆ ತಿಳಿದಷ್ಟು ಕನ್ನಡದಲ್ಲೇ ಬರೆಯುತ್ತೇನೆ.

"ಆ ಸಮುದ್ರದ ಕಾಗೆಗಳಾ? ನಾಗುಲ ಚವಿತಿ ಆಗಿ ಮೂರನೇ ದಿನ ಬಂದವು" ಅಂದರು, ಕ್ಷಣವೂ ಯೋಚಿಸದೆ.

ನಮ್ಮ ಕಡೆ ನಾಗಪ್ಪನಿಗೆ ಹಾಲೆರೆಯುವುದು ಶ್ರಾವಣದಲ್ಲಿ. ಇಲ್ಲಿ ದೀಪಾವಳಿ ಕಳೆದ ಮೇಲೆ. ಅಷ್ಟು ಖಚಿತವಾಗಿ ಹೇಗೆ ನೆನಪಿದೆ ಎಂದು ಕೇಳಿದೆ.

"ನೆನಪಿಟ್ಟುಕೊಳ್ಳೋದು ನಾನಲ್ಲಮ್ಮಾ, ನನ್ನ ಮೊಣಕಾಲು. ಅವು ಬರೋವರೆಗೂ ಕೂತು ಟೀ ಕುಡೀತೀನಿ. ಬಂದ ದಿನದಿಂದ ನಿಂತೇ ಕುಡಿಯೋದು."

ಹಕ್ಕಿಗಳ ದಾರಿ ಕಾಯುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಈಕೆಯೂ ಕಾಯುತ್ತಾರೆ, ಹೊಡೆಯಲು.

ಎಲ್ಲಿಂದ ಬಂದಿರಿ ಎಂದು ಕೇಳಿದರು. ವಿಜಯವಾಡ ಅಂದೆ. "ಬೆಜವಾಡ!" ಎಂದು ಊರಿನ ಹಳೆಯ ಹೆಸರು ಹೇಳಿ ಕೋಲನ್ನು ಮರಳಿಗೆ ಊರಿಯೇಬಿಟ್ಟರು. ಮಗಳು ಸತ್ಯವತಿಯನ್ನು ಕೊಟ್ಟಿರುವುದು ಬೆಜವಾಡಕ್ಕೆ. ಅಳಿಯ ಬೆಂಜ್ ಸರ್ಕಲ್‌ನಲ್ಲಿ ಆಟೋ ಓಡಿಸುತ್ತಾನೆ. ಚೊಚ್ಚಲ ಹೆರಿಗೆ, ತವರಿಗೆ ಬರಬೇಕಿತ್ತು, ಡಾಕ್ಟರು ಪ್ರಯಾಣ ಬೇಡವೆಂದರು. ಹೆರಿಗೆಗೆ ಇವರೇ ಹೋಗಿದ್ದು ಹತ್ತನೆಯ ದಿನಕ್ಕೆ ವಾಪಸು ಬಂದಿದ್ದರು. ಇದು ಹಕ್ಕಿಗಳ ಕಾಲ, ಇಲ್ಲಿ ಕಾಯುವವರಿಲ್ಲ. ಈಗ ಮಗುವಿಗೆ ಹಾಲು ಸಾಲದೆ ಮಗಳು ದಿನಾ ಫೋನಿನಲ್ಲಿ ಅಳುತ್ತಾಳೆ.

ಟಾರ್ಪಾಲಿನ ಒಂದು ಮೂಲೆಯನ್ನು ತೋರಿಸಿದರು. ಉಳಿದ ಕಡೆಯೆಲ್ಲ ನೆತ್ತಳ್ಳು ಎಂಬ ಬೆರಳುದ್ದದ ಮೀನು, ಮೇಲೆ ಹಳೆಯ ಬಲೆ ಹೊದಿಸಿತ್ತು. ಆ ಮೂಲೆಯಲ್ಲಿ ಮಾತ್ರ ಉಪ್ಪು ಸವರಿದ ಅಗಲ ಪಟ್ಟಿಗಳು, ಗಾಳಿಯಾಡಲೆಂದು ಬಲೆಯಿಲ್ಲದೆ. "ಪಾಲಸೊರ. ಮರಿ ಶಾರ್ಕು. ಬಾಣಂತಿಗೆ ಹಾಲು ಬರೋಕೆ ಇದೇ. ನೀವು ಊರಿಗೆ ಹೋಗುವಾಗ ಒಂದು ಗಂಟು ಒಯ್ತೀರಾ ಅಮ್ಮಾ?"

ಮೀನು ಮುಟ್ಟದ ಮನೆಯವಳು ನಾನು. "ಬೆಜವಾಡದಲ್ಲಿ ಮೀನು ಸಿಗುತ್ತಲ್ಲಾ?" ಎಂದು ಮೆಲ್ಲಗೆ ಜಾರಿಕೊಳ್ಳಲು ನೋಡಿದೆ.

"ಸಿಗುತ್ತೆ. ತಾಯಿ ಒಣಗಿಸಿದ್ದು ಸಿಗುತ್ತಾ?"

ನನ್ನ ಬಾಣಂತನದಲ್ಲಿ ಮೆಂತ್ಯ, ಸಬ್ಬಸಿಗೆ ಸೊಪ್ಪು ಎಲ್ಲ ಅಂಗಡಿಯಲ್ಲಿ ಸಿಗುತ್ತಿದ್ದರೂ ನಮ್ಮಮ್ಮ ಮನೆಯ ಕೊಬ್ಬರಿಯನ್ನೇ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದಳು. ಒಯ್ಯುತ್ತೇನೆ ಅಂದೆ.

ಅರ್ಧ ಗಂಟೆ

ಗಿರಿಜಾ ಅಡುಗೆಗೆಂದು ಮನೆಗೆ ಹೊರಟಳು. ಆಗಲೇ ನೂಕಾಲಮ್ಮನಿಗೆ ಫೋನು ಬಂತು. ರೇಷನ್ ಅಂಗಡಿಯಲ್ಲಿ ಅಂದು ಕೊನೆಯ ದಿನ, ಅಕ್ಕಿ ಬೇಕಾದರೆ ಬಂದು ಬೆರಳೊತ್ತಬೇಕು.

"ಬೆರಳನ್ನ ಬೇರೆಯವರ ಕೈಲಿ ಕಳಿಸೋಕಾಗಲ್ಲವಲ್ಲಾ" ಎಂದು ಸುತ್ತ ನೋಡಿದರು. ಕಾಯಲು ಬಿಡುವಿದ್ದವರು ಯಾರೂ ಇರಲಿಲ್ಲ. ನನ್ನನ್ನು ನೋಡಿದರು. "ಅರ್ಧ ಗಂಟೆ ನಿಲ್ತೀರಾ?"

"ಅಯ್ಯೋ, ಧಾರಾಳವಾಗಿ ಹೋಗಿ ಬನ್ನಿ" ಅಂದೆ. ತಾರಸಿಯ ಮೇಲೆ ಸಂಡಿಗೆ ಕಾದು ಬೆಳೆದವಳು ನಾನು. ಕಪ್ಪು ಕೊಡೆ ಬಿಡಿಸಿಟ್ಟು, ಮಡಿಲಲ್ಲಿ ಕಥೆಪುಸ್ತಕ ಹಿಡಿದು, ಒಂದು ಕಾಗೆಗೂ ಒಂದು ಸಂಡಿಗೆ ಬಿಟ್ಟುಕೊಟ್ಟವಳಲ್ಲ. ಹೊರಟು ನಿಂತಿದ್ದ ಗಿರಿಜಾ ಕೋಲು ಹಿಡಿದ ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. "ಅಲ್ರೀ ಅಕ್ಕಾರ, ಹಕ್ಕಿ ನೋಡಾಕ ಬಂದೀರೋ, ಹಕ್ಕಿ ಹೊಡಿಯಾಕ ಬಂದೀರೋ?"

ಹತ್ತು ನಿಮಿಷ ಚೆನ್ನಾಗಿಯೇ ಕಾದೆ. ಕಾಗೆಗಳು ಬಂದವು, ಕೋಲು ಬೀಸಿದೆ, ಹೋದವು. ಆಮೇಲೆ ನೀರಿನಂಚಿನ ಬಂಡೆಯ ಬುಡದಲ್ಲಿ ಏನೋ ಅಲುಗಿತು. ಕಂದು, ಕಪ್ಪು, ಬಿಳಿ ತೇಪೆಗಳ ಗಿಡ್ಡ ಹಕ್ಕಿ. ಕಿತ್ತಳೆ ಬಣ್ಣದ ಕಾಲು. ತಲೆ ತಗ್ಗಿಸಿ ಕೊಕ್ಕನ್ನು ಒಂದು ಚಿಪ್ಪಿನ ಅಡಿಗೆ ತೂರಿಸಿತು, ಕತ್ತು ಎತ್ತಿತು, ಚಿಪ್ಪು ಅಂಗಾತ ಬಿತ್ತು.

ಅದೇ! ದುರ್ಬೀನು ತನ್ನಷ್ಟಕ್ಕೆ ಕಣ್ಣಿಗೆ ಬಂತು. ಒಂದು ಕಲ್ಲು, ಪಾಚಿಯ ಒಂದು ಮುದ್ದೆ, ಇನ್ನೊಂದು ಕಲ್ಲು. ಕಲ್ಲು ಸ್ವಲ್ಪ ದೊಡ್ಡದಾದರೆ ಎರಡು ಹೆಜ್ಜೆ ಹಿಂದೆ ಸರಿದು ಎದೆ ಕೊಟ್ಟು ನೂಕುತ್ತಿತ್ತು. ಅಷ್ಟು ದೂರದ ಹಿಮದಿಂದ ಹಾರಿ ಬಂದ ಅಂಗೈಯಗಲದ ಜೀವ, ಮನೆಗೆಲಸದವರ ಹಾಗೆ ಬೆಳಿಗ್ಗೆಯೇ ಕೆಲಸಕ್ಕೆ ನಿಂತಿತ್ತು. ನನ್ನ ಕಣ್ಣು ಒದ್ದೆಯಾಯಿತು. ದುರ್ಬೀನಿನ ಗುಣವೇ ಹಾಗೆ, ದೂರದ್ದನ್ನು ಹತ್ತಿರ ತಂದು ಹತ್ತಿರದ್ದನ್ನು ಇಲ್ಲವಾಗಿಸುತ್ತದೆ.

ಹಿಂದಿನಿಂದ ರಪರಪ ಸದ್ದು ಬಂತು. ತಿರುಗಿ ನೋಡಿದರೆ ಎರಡು ಹದ್ದುಗಳು ಆಗಲೇ ತಲೆಮಟ್ಟ ಏರಿದ್ದವು, ಕಾಲಲ್ಲಿ ಪಾಲಸೊರದ ಪಟ್ಟಿಗಳು ತೂಗಾಡುತ್ತಿದ್ದವು. ಮೂರು ಕಾಗೆಗಳು ಸೇರಿ ಒಂದು ಪಟ್ಟಿಯನ್ನು ಮರಳಲ್ಲಿ ಎಳೆಯುತ್ತಿದ್ದವು. ಕೂಗಿಕೊಂಡು ಓಡಿದೆ, ಕೋಲು ಕಾಲಿಗೆ ಸಿಕ್ಕಿ ಮುಗ್ಗರಿಸಿದೆ, ಏಳುವಷ್ಟರಲ್ಲಿ ಕಡಲಕ್ಕಿಗಳೂ ಪಾಲಿಗೆ ಬಂದವು. ಮೂಲೆಯಲ್ಲಿ ಉಳಿದದ್ದು ಮೂರೇ ಪಟ್ಟಿ. ಅದರಲ್ಲಿ ಒಂದು ಅರ್ಧ.

ನೂಕಾಲಮ್ಮ ತಲೆಯ ಮೇಲೆ ಅಕ್ಕಿಯ ಚೀಲ ಹೊತ್ತು ಬಂದರು. ಇಳಿಸಲಿಲ್ಲ. ಹೊತ್ತುಕೊಂಡೇ ಟಾರ್ಪಾಲನ್ನು ನೋಡಿದರು, ನನ್ನ ಕತ್ತಿನಲ್ಲಿ ನೇತಾಡುತ್ತಿದ್ದ ದುರ್ಬೀನನ್ನು ನೋಡಿದರು.

"ಓಲಮ್ಮೋ. ಏಟಮ್ಮಾ ಇದಿ?" ಅಯ್ಯೋ, ಏನಮ್ಮಾ ಇದು ಅಂತ.

ನಾನು ತಡವರಿಸುತ್ತಾ ಎಲ್ಲವನ್ನೂ ಒಪ್ಪಿಕೊಂಡೆ. ಪರ್ಸಿಗೆ ಕೈ ಹಾಕಿದೆ.

"ಅದನ್ನ ಒಳಗಿಡಿ. ನೋಟು ಒಣಗಿಸಿ ತಿಂದರೆ ಹಾಲು ಬರುತ್ತಾ?"

ಪರ್ಸು ಮುಚ್ಚಿದೆ. ಆಕೆ ಚೀಲ ಇಳಿಸಿ ಮರಳಲ್ಲಿ ಕೂತು ಉಳಿದ ಮೂರನ್ನು ಕೈಯಲ್ಲಿ ಹಿಡಿದು ನೋಡಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆಮೇಲೆ ಅವನ್ನು ಬಲೆಯ ಕೆಳಗೆ ಸರಿಸಿ, "ಯಾವ ಪಿಟ್ಟ ಅದು, ತೋರಿಸಿ" ಅಂದರು. ದುರ್ಬೀನು ಕೊಟ್ಟು ಬಂಡೆ ತೋರಿಸಿದೆ.

"ಇದಾ! ಇದು ದಿನಾ ಬರುತ್ತೆ. ತನ್ನ ಪಾಡಿಗೆ ತಾನು ತಿಂದು ಹೋಗುತ್ತೆ, ಒಂದು ದಿನವೂ ನನ್ನ ಮೀನು ಮುಟ್ಟಿಲ್ಲ." ದುರ್ಬೀನು ಇಳಿಸಿದರು. "ಕಳ್ಳರನ್ನ ಬಿಟ್ಟು ಮರ್ಯಾದಸ್ಥರನ್ನ ಕಾಯ್ತಾ ಕೂತ್ರಾ ಅಮ್ಮಾ?"

ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಟಾರ್ಪಾಲಿನ ಮೂಲೆ ಇನ್ನೂ ಖಾಲಿಯೇ ಇತ್ತು.

"ನಾಳೆ ಪಾಲಸೊರ ಬಲೆಗೆ ಬಿದ್ದರೆ ನೋಡೋಣ. ದಿನಾ ಬೀಳೋದಲ್ಲ ಅದು" ಎಂದು ಸಮುದ್ರದ ಕಡೆ ತಿರುಗಿದರು.

ಎರಡನೆಯ ದಿನ

ಬೆಳಕು ಹರಿಯುವ ಮೊದಲೇ ಹೋದೆ. ಗಿರಿಜಾ ಕೊಟ್ಟ ಉಪ್ಪಿಟ್ಟು ಅರ್ಧ ತಟ್ಟೆಯಲ್ಲೇ ಉಳಿದಿತ್ತು. ದೋಣಿಗಳು ಒಂದೊಂದಾಗಿ ದಡಕ್ಕೆ ಬಂದವು. ನೂಕಾಲಮ್ಮ ಪ್ರತಿ ದೋಣಿಗೂ ಹೋಗಿ ಬಗ್ಗಿ ನೋಡಿ ಬರುವುದು, ನಾನು ದೂರದಿಂದ ಅವರ ಕೈಯನ್ನೇ ನೋಡುವುದು. ಹಾಗೆ ಕಡಲದಂಡೆಯಲ್ಲಿ ನಿಂತು ಒಂದು ಹಕ್ಕಿಯನ್ನೂ ನೋಡದ ಬೆಳಗು ನನಗೆ ಅದೊಂದೇ. ಕೊನೆಗೆ ಯಾರದೋ ದೋಣಿಯಿಂದ ಎರಡು ಬೂದು ಮೀನು ಬಾಲ ಹಿಡಿದು ತಂದರು. ಎತ್ತಿ ತೋರಿಸಿದರು. ಬಂದಿದ್ದಕ್ಕೆ ನಾನು ಯಾವ ದೇವರಿಗೆ ಕೈಮುಗಿದೆನೋ ನನಗೇ ತಿಳಿಯದು.

ಬೇಗ ಒಣಗಲೆಂದು ಈ ಸಲ ತೆಳ್ಳಗೆ ಸೀಳಿದರು. ಹಿಂದಿನ ದಿನ ಉಳಿದ ಮೂರೂ ಸೇರಿ ಹನ್ನೆರಡು ಪಟ್ಟಿ. ಉಪ್ಪು ಹಚ್ಚಿ ಹರಡಿ, ಕೋಲನ್ನು ನನ್ನ ಕೈಗೇ ಕೊಟ್ಟರು.

"ನನ್ನ ಕೈಗಾ?" ಅಂದೆ.

"ಇವತ್ತು ನಿಮಗಿಂತ ಚೆನ್ನಾಗಿ ಕಾಯೋರು ಯಾರಿದ್ದಾರೆ?" ಅಂದರು. ಆಮೇಲೆ ಅವರ ಕಸುಬನ್ನು ಹೇಳಿಕೊಟ್ಟರು. "ಮೇಲೆ ನೋಡಬೇಡಿ. ಮೇಲೆ ನೋಡಿದರೆ ಕಣ್ಣಿಗೆ ಬಿಸಿಲು ಹೊಡೆದು ಯಾವುದು ಯಾವ ಕಡೆಯಿಂದ ಬಂತು ಗೊತ್ತಾಗಲ್ಲ. ಕೆಳಗೆ ನೆರಳು ನೋಡಿ. ಹದ್ದಿಗಿಂತ ಮೊದಲು ಅದರ ನೆರಳು ಬಂದಿರುತ್ತೆ."

ದುರ್ಬೀನನ್ನು ಬಿಚ್ಚಿ ಅವರ ಚೀಲದಲ್ಲಿಟ್ಟೆ. ಇಡೀ ದಿನ ನೆರಳು ನೋಡಿದೆ. ಹದ್ದಿನ ನೆರಳು ನಿಧಾನ, ಸುತ್ತು ಹಾಕುತ್ತಾ ಬರುತ್ತದೆ. ಕಡಲಕ್ಕಿಯದು ನೇರ. ಕಾಗೆಯ ನೆರಳನ್ನು ನಂಬುವ ಹಾಗಿಲ್ಲ, ಅದು ನಡೆದೇ ಬಂದುಬಿಡುತ್ತದೆ. ಮಧ್ಯಾಹ್ನ ನೆತ್ತಳ್ಳನ್ನು ತಿರುವಿಹಾಕುವ ಹೊತ್ತಿಗೆ ಗಿರಿಜಾ ಮೊಸರನ್ನ ತಂದು, ಮೂಗು ಮುಚ್ಚಿಕೊಂಡೇ ನನ್ನ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ಅವಳೂ "ಅಕ್ಕಾರ, ಎಡಕ್ಕ ನೆರಳು!" ಎಂದು ಕೂಗತೊಡಗಿದಳು.

ಒಂದು ಪಟ್ಟಿಯೂ ಹೋಗಲಿಲ್ಲ. ಆದರೆ ಸಂಜೆ ನೂಕಾಲಮ್ಮ ಒಂದನ್ನು ಮಡಿಸಿ ನೋಡಿ ತಲೆಯಾಡಿಸಿದರು. "ಇನ್ನೊಂದು ಬಿಸಿಲು ಬೇಕು. ಹೀಗೇ ಮುಚ್ಚಿಟ್ಟರೆ ಕೆಟ್ಟುಹೋಗುತ್ತೆ. ನಿಮ್ಮ ರೈಲು ಇವತ್ತೇ ಅಲ್ವಾ? ಬಿಡಿ."

ಬಿಡಿ ಎಂದವರು ಗಂಟು ಕಟ್ಟುವ ಬಟ್ಟೆಯನ್ನು ಕೈಯಿಂದ ಬಿಟ್ಟಿರಲಿಲ್ಲ.

"ಆ ಒಂದು ಬಿಸಿಲನ್ನ ನಮ್ಮ ತಾರಸಿಯಲ್ಲಿ ಕೊಡ್ತೀನಿ" ಅಂದೆ.

"ನೀವು ಮೀನು ಮುಟ್ಟದವರು."

"ಹೌದು. ಕಾಯೋದಕ್ಕೆ ಮುಟ್ಟಬೇಕಾಗಿಲ್ಲವಲ್ಲ."

ತಾಳೆಗರಿಯ ಬುಟ್ಟಿಯಲ್ಲಿ ಪಟ್ಟಿಗಳನ್ನು ಜೋಡಿಸಿ, ಮೇಲೆ ತೆಳುವಾದ ಬಟ್ಟೆ ಕಟ್ಟಿಕೊಟ್ಟರು. ರೈಲಿನಲ್ಲಿ ಬೋಗಿಯವರೆಲ್ಲ ನನ್ನನ್ನು ಇಳಿಸಿಯೇಬಿಡುತ್ತಾರೆಂದು ಹೆದರಿ ಬಾಗಿಲ ಹತ್ತಿರವೇ ಕೂತಿದ್ದೆ. ಎದುರಿನ ಸೀಟಿನ ಮುದುಕರು ಗಾಳಿಯನ್ನೊಮ್ಮೆ ಮೂಸಿದರು. "ಪಾಲಸೊರ ಅಲ್ಲವೇನಮ್ಮಾ? ಯಾರಿಗೆ ಬಾಣಂತನ?" ಎಂದು ಕೇಳಿ, ಮಗು ಗಂಡೋ ಹೆಣ್ಣೋ, ತೂಕ ಎಷ್ಟು, ಎಲ್ಲ ವಿಚಾರಿಸಿದರು. ನನಗೆ ಯಾವುದೂ ಗೊತ್ತಿರಲಿಲ್ಲ. ಮಗುವಿನ ಹೆಸರು ಕೇಳಲೂ ಮರೆತಿದ್ದೆ. ಆದರೂ ಅವರು ಬುಟ್ಟಿಗೆ ಗಾಳಿ ತಾಕಲೆಂದು ಕಿಟಕಿಯ ಪಕ್ಕದ ತಮ್ಮ ಜಾಗವನ್ನೇ ಬಿಟ್ಟುಕೊಟ್ಟರು.

ನಮ್ಮ ತಾರಸಿ

"ಏನೇ ಶಾಂತಾ, ಹಕ್ಕಿ ನೋಡ್ತೀನಿ ಅಂತ ಹೋಗಿ ಮೀನು ತಂದಿದೀಯಲ್ಲೇ!" ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು.

"ನಮಗಲ್ಲ ರೀ. ದಾರಿ ಬಿಡಿ, ಬಿಸಿಲು ಹೋಗುತ್ತೆ."

ಅಂದು ಭಾನುವಾರ. ಪುಣ್ಯಕ್ಕೆ ಮೋಡವಿರಲಿಲ್ಲ. ಹಳೆಯ ಚಾಪೆಯ ಮೇಲೆ ಕಾಗದ ಹಾಸಿ, ಇಕ್ಕಳದಿಂದ ಹನ್ನೆರಡನ್ನೂ ಹರಡಿ, ಬಟ್ಟೆ ಒಣಹಾಕುವ ಕೋಲು ಹಿಡಿದು ಕೂತೆ. ಭವಾನಿಪುರಂನ ಹದ್ದುಗಳಿಗೆ ಸುದ್ದಿ ಹೇಗೆ ಮುಟ್ಟಿತೋ, ಗಳಿಗೆಯಲ್ಲಿ ನೆರಳುಗಳು ಸುತ್ತತೊಡಗಿದವು. ಯಜಮಾನರು ಕಾಫಿ ಕೊಡಲು ಬಂದವರು ಅಲ್ಲಿ ಏನಾಯಿತೆಂದು ಕೇಳಿದರು, ಹೇಳಿದೆ. ಕೆಳಗೆ ಹೋಗಿ ಕೊಡೆ ತಂದು ನನ್ನ ತಲೆಯ ಮೇಲೆ ಹಿಡಿದು ನಿಂತರು. ಕೊಡೆಯ ನೆರಳು ಚಾಪೆಗೆ ಬೀಳುತ್ತದೆಂದು ಗದರಿದೆ. ಹಿಂದಕ್ಕೆ ಸರಿದು ನಿಂತರು.

ಹನ್ನೊಂದರ ಹೊತ್ತಿಗೆ ಅವರು ಕೂಗಿದರು. "ಶಾಂತಾ, ಮೇಲೆ ನೋಡು! ಅಬ್ಬಬ್ಬ, ಎಷ್ಟೊಂದು! ನದಿ ಕಡೆಯಿಂದ ಸಾಲಾಗಿ ಬರ್ತಾ ಇವೆ."

ಚಾಪೆಯ ಹತ್ತಿರದ ಗೋಡೆಯ ಮೇಲೆ ಒಂದು ಕಾಗೆ ಕೂತಿತ್ತು. ಒಂದು ಕಾಲು ಮುಂದಿಟ್ಟಿತ್ತು.

"ಯಾವ ಹಕ್ಕಿ?" ಅಂದೆ, ಕಾಗೆಯಿಂದ ಕಣ್ಣು ತೆಗೆಯದೆ.

"ನನಗೇನು ಗೊತ್ತು? ಉದ್ದ ಇವೆ. ಬಿಲ್ಲಿನ ಥರ ಬಾಗಿದ ಸಾಲು. ನೋಡೇ, ಹೋಗಿಬಿಡ್ತಾವೆ!"

"ಕಾಲು ಹಿಂದಕ್ಕೆ ಚಾಚಿವೆಯಾ? ಕತ್ತು ಹೇಗಿದೆ?"

"ಕತ್ತು… ಕತ್ತಿನ ಹಾಗಿದೆ."

ಚಾಪೆಯ ಮೇಲೆ ಅವುಗಳ ನೆರಳು ಬೀಳಲಿಲ್ಲ, ಅಷ್ಟು ಎತ್ತರದಲ್ಲಿದ್ದವು. ನಾನು ತಲೆ ಎತ್ತಲಿಲ್ಲ. ಕಾಗೆ ಎರಡನೆಯ ಕಾಲು ಮುಂದಿಟ್ಟಿತು, ಕೋಲು ನೆಲಕ್ಕೆ ಕುಟ್ಟಿದೆ, ಹಾರಿಹೋಯಿತು. ಯಜಮಾನರು ಆಕಾಶದಲ್ಲಿ ಕೊನೆಯ ಹಕ್ಕಿ ಮರೆಯಾಗುವವರೆಗೂ ನೋಡುತ್ತಿದ್ದರು. ಅವರು ಹಾಗೆ ಹಕ್ಕಿ ನೋಡಿದ್ದು ಅದೇ ಮೊದಲು. ಅವು ಯಾವುವೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಂಜ್ ಸರ್ಕಲ್ ಹಿಂದಿನ ಓಣಿ

ಸಂಜೆ ಒಂದು ಪಟ್ಟಿಯನ್ನು ಇಕ್ಕಳದಲ್ಲಿ ಬಗ್ಗಿಸಿದರೆ ಒಣಗರಿಯ ಹಾಗೆ ಸದ್ದು ಮಾಡಿತು. ಬೆಂಜ್ ಸರ್ಕಲ್‌ನ ಶೋರೂಮುಗಳ ಬೆಳಕು ದಾಟಿ, ಹಾರ್ನುಗಳ ಗದ್ದಲ ದಾಟಿ, ಹಿಂದಿನ ಓಣಿಯಲ್ಲಿ ಕೇಳುತ್ತಾ ಕೇಳುತ್ತಾ ಮನೆ ಹುಡುಕಿದೆವು. ಒಂದೇ ಕೋಣೆ. ಸತ್ಯವತಿ ತಾಯಿಯದೇ ಅಚ್ಚು, ಮೂಗಿನಲ್ಲಿ ನತ್ತು ಒಂದೇ ಕಡೆ. ಮಗು ಹೆಣ್ಣು. ಅಳುತ್ತಿತ್ತು.

ಬುಟ್ಟಿಯ ಬಟ್ಟೆ ಬಿಚ್ಚಿ, ಒಂದು ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಆಕೆ ಕಣ್ಣು ಮುಚ್ಚಿದಳು. "ಮಾ ಅಮ್ಮ ಚೇತಿ ಉಪ್ಪು" ಅಂದಳು. ನಮ್ಮಮ್ಮನ ಕೈಯ ಉಪ್ಪು. ಅವಳ ಗಂಡ ನಮಗೆ ಎರಡು ಕುರ್ಚಿ ಎಳೆದು, ಟೀ ತರಲು ಓಡಿದ. ಸತ್ಯವತಿ ಆಗಲೇ ಸಣ್ಣ ಪಾತ್ರೆ ಒಲೆಯ ಮೇಲಿಟ್ಟು, ತಾಯಿಗೆ ಫೋನು ಮಾಡಿ ನನ್ನ ಕೈಗೆ ಕೊಟ್ಟಳು.

"ಬೆಜವಾಡ ಅಮ್ಮಾ," ಆ ಕಡೆಯಿಂದ ನೂಕಾಲಮ್ಮ, ಹಿಂದೆ ಕಡಲಿನ ಮೊರೆತ. "ಎಷ್ಟು ಹೋದವು?"

"ಒಕ್ಕಟೀ ಪೋಲೇದು" ಅಂದೆ. ಒಂದೂ ಹೋಗಲಿಲ್ಲ.

 ಆ ಕಡೆ ನೂಕಾಲಮ್ಮ ನಕ್ಕರು.

"ಉಗಾದಿ ಕಳೆದ ಮೇಲೆ ಬನ್ನಿ ಅಮ್ಮಾ. ಅಷ್ಟೊತ್ತಿಗೆ ಆ ಪಿಟ್ಟಗಳೆಲ್ಲ ಹೋಗಿರ್ತಾವೆ. ನಾನೂ ನೀವೂ ಮರಳಲ್ಲಿ ಕೂತು ಟೀ ಕುಡಿಯೋಣ."

ಸತ್ಯವತಿಯ ಮಗುವಿಗೆ ಈಗ ಹಾಲು ಸಾಲುತ್ತಿದೆಯಂತೆ. ಮೀನಿನಿಂದಲೋ, ಅಮ್ಮನ ಕೈ ತಾಕಿದ್ದರಿಂದಲೋ, ನಾನು ವಿಚಾರಿಸಲು ಹೋಗಲಿಲ್ಲ. ಹಕ್ಕಿಗಳೆಲ್ಲ ಹೊರಟುಹೋದ ಕಡಲದಂಡೆಯನ್ನು ನಾನು ಇದುವರೆಗೆ ನೋಡಿಲ್ಲ. ಯುಗಾದಿಯ ಮರುವಾರಕ್ಕೆ ಎರಡು ಸೀಟು ಕಾಯ್ದಿರಿಸಿದ್ದೇವೆ.